ಹಸಿರು ಕಂಡರೆ ಸಾಲದು: ಗಾಲ್ಫ್ ಕೋರ್ಸಿನ ಪರಿಸರ ಲೆಕ್ಕ ಹಾಕುವ ಬಗೆ

ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ನಿನಲ್ಲಿ ಕೆಂಗೇರಿ ಕಡೆಗೆ ಹೋಗುವ ರೈಲಿನ ಬೋರ್ಡಿನ ಮೇಲೆ ‘ಚಲ್ಲಘಟ್ಟ’ ಅಂತ ಇರುತ್ತೆ. ನಮ್ಮಲ್ಲಿ ಬಹಳ ಜನರಿಗೆ ಚಲ್ಲಘಟ್ಟ ಅಂದ್ರೆ ನೇರಳೆ ಮಾರ್ಗದ ಕೊನೇ ನಿಲ್ದಾಣ, ಅಷ್ಟೇ. ಆದರೆ ಬೆಂಗಳೂರಿನಲ್ಲಿ ಇನ್ನೊಂದು ಚಲ್ಲಘಟ್ಟವೂ ಇದೆ. ಅದು ಊರಿನ ಪೂರ್ವಕ್ಕೆ, ದೊಮ್ಮಲೂರಿನ ಹತ್ತಿರ, ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕ. ಅಲ್ಲಿ ಒಂದು ಕೆರೆ ಇತ್ತು. ಈಗ ಆ ಕೆರೆ ಅಂಗಳದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ 18 ಹೋಲ್‌ಗಳ ಗಾಲ್ಫ್ ಕೋರ್ಸ್ ಇದೆ.

ಎನ್ವಿರಾನ್‌ಮೆಂಟಲ್ ಸ್ಟಡೀಸ್ ಪೇಪರಿನಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನ, ಅಂದ್ರೆ ಇಐಎ, ನಾವೆಲ್ಲ ಓದಿರುತ್ತೇವೆ. ಸ್ಕ್ರೀನಿಂಗ್, ಸ್ಕೋಪಿಂಗ್, ಸಾರ್ವಜನಿಕ ಅಹವಾಲು, ಅಪ್ರೈಸಲ್ ಅಂತ ನಾಲ್ಕು ಹಂತ ಬರೆದು, ಒಂದು ಫ್ಲೋ ಚಾರ್ಟ್ ಹಾಕಿದರೆ ಹತ್ತು ಮಾರ್ಕ್ಸಿನ ಪ್ರಶ್ನೆ ಮುಗೀತು. ಉದಾಹರಣೆ ಕೇಳಿದರೆ ಅಣೆಕಟ್ಟು, ಗಣಿ, ಸಿಮೆಂಟ್ ಫ್ಯಾಕ್ಟರಿ ಅಂತೀವಿ. ಹೊಗೆ ಬಿಡುವುದನ್ನು, ಧೂಳು ಎಬ್ಬಿಸುವುದನ್ನು ಅನುಮಾನದಿಂದ ನೋಡೋದು ಸುಲಭ. ಹಸಿರಾಗಿ, ನೀಟಾಗಿ, ನಿಶ್ಶಬ್ದವಾಗಿ ಇರೋದನ್ನ ಹೇಗೆ ಅಳೆಯೋದು? ಈ ಪಾಠದಲ್ಲಿ ಅದನ್ನೇ ಎತ್ತಿಕೊಳ್ಳೋಣ. ಹೊಸದಾಗಿ ಒಂದು ಗಾಲ್ಫ್ ಕೋರ್ಸ್ ಬರುತ್ತೆ ಅಂದಾಗ ಎಂಜಿನಿಯರ್ ಆದವರು ಏನೇನು ಲೆಕ್ಕ ಹಾಕಬೇಕು, ಯಾವ ಪ್ರಶ್ನೆ ಮೊದಲು ಕೇಳಬೇಕು ಅಂತ ನೋಡೋಣ.

ಹುಲ್ಲುಗಾವಲು ಅಲ್ಲ, ಕಟ್ಟಡವೇ

ಮೊದಲು ಗಾಲ್ಫ್ ಕೋರ್ಸ್ ಅಂದ್ರೆ ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ದೂರದಿಂದ ನೋಡಿದರೆ ಅದು ಬರೀ ಹುಲ್ಲು ಬಯಲು. ಒಳಗೆ ಹೋದರೆ ಪೂರ್ತಿ ಸಿವಿಲ್ ವರ್ಕ್. 18 ಹೋಲ್‌ಗಳ ಒಂದು ಕೋರ್ಸಿಗೆ ಸಾಧಾರಣವಾಗಿ 40ರಿಂದ 60 ಹೆಕ್ಟೇರ್ ಜಾಗ ಬೇಕು. ಚೆಂಡು ಹೊಡೆಯಲು ಶುರು ಮಾಡುವ ಜಾಗ ಟೀ, ಉದ್ದಕ್ಕೆ ಹಬ್ಬಿದ ಹುಲ್ಲಿನ ಹಾದಿ ಫೇರ್‌ವೇ, ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಜಾಗ ಗ್ರೀನ್, ಮಧ್ಯೆ ಮರಳಿನ ಗುಂಡಿಗಳು ಬಂಕರ್, ಅಂಚಿನಲ್ಲಿ ಎತ್ತರದ ಹುಲ್ಲು ರಫ್. ಇದನ್ನೆಲ್ಲ ಮಾಡಲು ನೆಲವನ್ನು ಅಗೆದು, ದಿಣ್ಣೆ ಎಬ್ಬಿಸಿ, ಹಳ್ಳ ತಿರುಗಿಸಿ, ಪೈಪು ಹೂಳಬೇಕಾಗುತ್ತೆ.

ಗ್ರೀನ್ ಒಂದನ್ನೇ ತೆಗೆದುಕೊಳ್ಳಿ. ಅಮೆರಿಕದ ಯುಎಸ್‌ಜಿಎ ಮಾದರಿಯಲ್ಲಿ ಕಟ್ಟಿದ ಗ್ರೀನಿನ ಕೆಳಗೆ ಸುಮಾರು 30 ಸೆಂಟಿಮೀಟರ್ ಮರಳಿನ ಮಿಶ್ರಣ, ಅದರ ಕೆಳಗೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಅದರ ಕೆಳಗೆ ಡ್ರೈನ್ ಪೈಪು ಇರುತ್ತೆ. ಮಳೆ ಬಂದರೂ ಆಟ ನಿಲ್ಲಬಾರದು, ನೀರು ಬೇಗ ಇಳಿದು ಹೋಗಬೇಕು ಅನ್ನೋದು ಉದ್ದೇಶ. ಆದರೆ ಬೇಗ ಇಳಿಯುವ ನೀರು ತನ್ನ ಜೊತೆ ಗೊಬ್ಬರವನ್ನೂ ಔಷಧಿಯನ್ನೂ ಬೇಗ ಇಳಿಸುತ್ತೆ.

ಹುಲ್ಲಿನ ವಿಷಯಕ್ಕೆ ಬಂದರೆ, ನಮ್ಮಂಥ ಬೆಚ್ಚನೆಯ ಪ್ರದೇಶಗಳಲ್ಲಿ ಹಾಕೋದು ಹೆಚ್ಚಾಗಿ ಬರ್ಮುಡಾ ಹುಲ್ಲು. ಹೆಸರು ಕೇಳಿ ಹೆದರಬೇಡಿ, ಅದು ನಮ್ಮ ಗಣೇಶನಿಗೆ ಏರಿಸುವ ಗರಿಕೆ ಮತ್ತು ಅದರ ಹೈಬ್ರಿಡ್ ತಳಿಗಳು. ಗರಿಕೆ ಅಂದ್ರೆ ಗಟ್ಟಿ ಗಿಡ, ನೀರಿಲ್ಲದಿದ್ದರೆ ಒಣಗಿ ಮಲಗುತ್ತೆ, ಮಳೆ ಬಂದ ಕೂಡಲೇ ಎದ್ದು ನಿಲ್ಲುತ್ತೆ. ಸಮಸ್ಯೆ ಇರೋದು ಗರಿಕೆಯಲ್ಲಿ ಅಲ್ಲ. ಅದನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಪದೇ ಪದೇ ಕತ್ತರಿಸಿ, ಏಪ್ರಿಲ್ ತಿಂಗಳಲ್ಲೂ ಹಸಿರಾಗಿಯೇ ಇರಬೇಕು ಅಂತ ಹಟ ಹಿಡಿಯುವುದರಲ್ಲಿ. ನೀರು, ಗೊಬ್ಬರ, ಶಿಲೀಂಧ್ರನಾಶಕ ಎಲ್ಲ ಬೇಕಾಗೋದು ಆ ಹಟಕ್ಕೆ.

ಚಲ್ಲಘಟ್ಟ ಕಲಿಸುವುದು

ಬೆಂಗಳೂರಿನ ನೀರು ಹರಿಯುವ ದೊಡ್ಡ ಕಣಿವೆಗಳು ಮೂರು: ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ. ದೀಪಾಂಜಲಿ ನಗರ, ಬ್ಯಾಟರಾಯನಪುರ, ನಾಯಂಡಹಳ್ಳಿ ಇರುವುದು ವೃಷಭಾವತಿ ಕಣಿವೆಯಲ್ಲಿ. ಎರಡನೇ ಕಣಿವೆಯ ಹೆಸರಲ್ಲೇ ಚಲ್ಲಘಟ್ಟ ಇದೆ. ಹಲಸೂರು ಕಡೆಯಿಂದ ಇಳಿದು ಬರುವ ನೀರು ದೊಮ್ಮಲೂರು, ಚಲ್ಲಘಟ್ಟ ಹಾದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ ಸೇರುತ್ತಿತ್ತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಈ ಸರಪಳಿಯ ಒಂದು ಕೊಂಡಿ ಚಲ್ಲಘಟ್ಟ ಕೆರೆ.

ಆ ಕೆರೆ ಗಾಲ್ಫ್ ಕೋರ್ಸ್ ಆದದ್ದು ಒಂಟಿ ಘಟನೆ ಏನಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಆ ಕಾಲದ ಕಣ್ಣಿಗೆ ನೀರಿಲ್ಲದ ಕೆರೆ ಅಂದ್ರೆ ಖಾಲಿ ಜಾಗ. ಊರಿಗೆ ನಲ್ಲಿ ನೀರು ಬಂದ ಮೇಲೆ ಕೆರೆ ಯಾಕೆ ಅನ್ನುವ ಯೋಚನೆ. 1985ರಲ್ಲಿ ಸರ್ಕಾರ ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಕೆರೆಗಳ ಬಗ್ಗೆ ಸಮಿತಿ ನೇಮಿಸಿ, ಉಳಿದ ಕೆರೆಗಳನ್ನು ಒಡೆಯಬಾರದು, ಉಳಿಸಿಕೊಳ್ಳಬೇಕು ಅನ್ನುವ ಶಿಫಾರಸು ಬರುವ ಹೊತ್ತಿಗೆ ಹಲವು ಕೆರೆಗಳ ಕತೆ ಮುಗಿದಿತ್ತು.

ಇಲ್ಲಿ ದಿನಾಂಕಗಳನ್ನು ಗಮನಿಸಿ. ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದರ ಕೆಳಗೆ ಮೊದಲ ಇಐಎ ಅಧಿಸೂಚನೆ ಬಂದದ್ದು 1994ರಲ್ಲಿ. ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅಂದ್ರೆ ಈ ಕೆರೆಗಳ ಭವಿಷ್ಯ ನಿರ್ಧಾರ ಆಗುವಾಗ ‘ಮೊದಲು ಪರಿಣಾಮ ಅಳೆಯಿರಿ, ಆಮೇಲೆ ಅನುಮತಿ ಕೊಡಿ’ ಅನ್ನುವ ಕಾನೂನೇ ಇರಲಿಲ್ಲ. ಹಾಗಾಗಿ ಯಾರನ್ನೋ ಬೈಯುವುದಕ್ಕಿಂತ, ಆಗ ಲೆಕ್ಕ ಹಾಕಿದ್ದರೆ ಏನು ಸಿಗುತ್ತಿತ್ತು ಅಂತ ನೋಡೋದು ನಮಗೆ ಉಪಯೋಗ.

ಒಂದು ಅಂದಾಜು ಮಾಡೋಣ. 120 ಎಕರೆ ಅಂಗಳದ ಒಂದು ಕೆರೆ, ಸರಾಸರಿ ಆಳ 1.5 ಮೀಟರ್ ಅಂತ ಇಟ್ಟುಕೊಳ್ಳಿ. 120 ಎಕರೆ ಅಂದ್ರೆ ಸುಮಾರು 48.6 ಹೆಕ್ಟೇರ್. ಅದನ್ನು 1.5ರಿಂದ ಗುಣಿಸಿದರೆ ಸುಮಾರು 7.3 ಲಕ್ಷ ಘನ ಮೀಟರ್, ಅಂದ್ರೆ 73 ಕೋಟಿ ಲೀಟರ್. ಈಗ ಒಂದು ಗಂಟೆಯಲ್ಲಿ 60 ಮಿ.ಮೀ. ಮಳೆ ಸುರಿಯಿತು, ಕಾಂಕ್ರೀಟು ತುಂಬಿದ ಊರಿನಲ್ಲಿ ಅದರ 70% ಹರಿದು ಬಂತು ಅಂತ ಹಿಡಿದರೆ, ಒಂದು ಚದರ ಕಿಲೋಮೀಟರಿನಿಂದ ಬರುವುದು 42,000 ಘನ ಮೀಟರ್. ಭಾಗಿಸಿ ನೋಡಿ. ಖಾಲಿ ಇರುವ ಆ ಒಂದು ಕೆರೆ ಸುಮಾರು 17 ಚದರ ಕಿಲೋಮೀಟರ್ ಊರಿನ ಒಂದು ಗಂಟೆಯ ಬಿರುಮಳೆಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬೇಸಿಗೆಯಲ್ಲಿ ‘ಖಾಲಿ’ ಬಿದ್ದಿರುವ ಕೆರೆಯ ಕೆಲಸವೇ ಅದು, ಖಾಲಿ ಇರೋದು. ಮುಂಗಾರಿಗೆ ಜಾಗ ಕಾಯ್ದಿಡೋದು. ಅದರ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದರೆ, ಮೇಲಿಂದ ನೋಡಲು ಹಸಿರು ಹೆಚ್ಚಾದಂತೆ ಕಾಣುತ್ತೆ, ಆದರೆ 73 ಕೋಟಿ ಲೀಟರಿನ ತೊಟ್ಟಿ ಹೋಗಿರುತ್ತೆ.

ಕಾನೂನಿನ ಟೇಪು ಅಳೆಯೋದು ಏನನ್ನ?

ಈಗ ಇವತ್ತಿಗೆ ಬರೋಣ. ಹೊಸ ಗಾಲ್ಫ್ ಕೋರ್ಸಿಗೆ ಪರಿಸರ ಅನುಮತಿ ಬೇಕಾ? 2006ರ ಅಧಿಸೂಚನೆಯ ಪಟ್ಟಿ ತೆಗೆದು ನೋಡಿದರೆ ‘ಗಾಲ್ಫ್ ಕೋರ್ಸ್’ ಅನ್ನುವ ಪ್ರತ್ಯೇಕ ಬಾಬ್ತೇ ಇಲ್ಲ. ಅದು ಬಂದರೆ ಎಂಟನೇ ಬಾಬ್ತಿನ ಕೆಳಗೆ ಬರಬೇಕು. 8(ಎ) ಅಂದ್ರೆ 20,000 ಚದರ ಮೀಟರಿನಿಂದ 1,50,000 ಚದರ ಮೀಟರಿನ ಒಳಗೆ ಬಿಲ್ಟ್-ಅಪ್ ಏರಿಯಾ ಇರುವ ಕಟ್ಟಡ ಯೋಜನೆಗಳು. 8(ಬಿ) ಅಂದ್ರೆ 50 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ಜಾಗದ, ಇಲ್ಲವೇ 1,50,000 ಚದರ ಮೀಟರಿಗೆ ಮುಟ್ಟಿದ ಟೌನ್‌ಶಿಪ್ ಮತ್ತು ಪ್ರದೇಶ ಅಭಿವೃದ್ಧಿ ಯೋಜನೆಗಳು. ಎರಡನ್ನೂ ಪರಿಶೀಲಿಸುವುದು ರಾಜ್ಯ ಮಟ್ಟದ ಪ್ರಾಧಿಕಾರ ಮತ್ತು ಅದರ ತಜ್ಞರ ಸಮಿತಿ.

ಈಗ ಒಂದು ಕಾಲ್ಪನಿಕ ಪ್ರಸ್ತಾವನೆ ಬರೆಯೋಣ. ಕೆಂಗೇರಿ ಆಚೆ, ವೃಷಭಾವತಿ ಕಣಿವೆಯ ಇಳಿಜಾರಿನಲ್ಲಿ 120 ಎಕರೆ. ಅದರಲ್ಲಿ 18 ಹೋಲ್‌ಗಳು, 8,000 ಚದರ ಮೀಟರಿನ ಒಂದು ಕ್ಲಬ್‌ಹೌಸ್. 120 ಎಕರೆ ಅಂದ್ರೆ 48.6 ಹೆಕ್ಟೇರ್. 50ರ ಗೆರೆಗಿಂತ ಕೆಳಗೆ. ಕ್ಲಬ್‌ಹೌಸ್ 20,000ದ ಗೆರೆಗಿಂತ ಕೆಳಗೆ. ಲೆಕ್ಕ ಮುಗೀತು. ಈ ಯೋಜನೆ ಸ್ಕ್ರೀನಿಂಗ್ ಹಂತದಲ್ಲೇ ಹೊರಗೆ. ಇನ್ನು ನಾಲ್ಕು ಎಕರೆ ಸೇರಿಸಿದರೆ ಒಳಗೆ. ನಾಲ್ಕು ಎಕರೆಯಿಂದ ಭೂಮಿಗೆ ಆಗುವ ವ್ಯತ್ಯಾಸ ಏನೂ ಇಲ್ಲ, ಕಡತಕ್ಕೆ ಆಗುವ ವ್ಯತ್ಯಾಸ ಪೂರ್ತಿ.

ಒಳಗೆ ಬಂದರೂ ಇನ್ನೊಂದು ವಿಷಯ ಇದೆ. ಎಂಟನೇ ಬಾಬ್ತಿನ ಕಟ್ಟಡ, ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಇದೆ. ನಾವು ಪರೀಕ್ಷೆಯಲ್ಲಿ ಬರೆಯುವ ಮೂರನೇ ಹಂತ ಇಲ್ಲಿ ಇರೋದೇ ಇಲ್ಲ. ಪಕ್ಕದ ಹಳ್ಳಿಯವರು ತಮ್ಮ ಬೋರ್‌ವೆಲ್ ಬಗ್ಗೆ ಮೈಕ್ ಹಿಡಿದು ಹೇಳುವ ಸಭೆ ಕಾನೂನಿನ ಪ್ರಕಾರ ಕಡ್ಡಾಯ ಅಲ್ಲ.

ಕಾರಣ ಸರಳ. ಕಾನೂನಿನ ಟೇಪು ಅಳೆಯೋದು ಸಿಮೆಂಟನ್ನ. ಗಾಲ್ಫ್ ಕೋರ್ಸಿನ ಪರಿಣಾಮ ಇರೋದು ಸಿಮೆಂಟಿನಲ್ಲಿ ಅಲ್ಲ, ನೀರಿನಲ್ಲಿ, ಮಣ್ಣಿನಲ್ಲಿ, ಇಳಿಜಾರಿನಲ್ಲಿ. ಹಾಗಂತ ಬೇರೆ ಬಾಗಿಲುಗಳೇ ಇಲ್ಲ ಅಂತ ಅಲ್ಲ. ಕೃಷಿ ಭೂಮಿಯಾದರೆ ಭೂಪರಿವರ್ತನೆ ಬೇಕು, ಕೊಳಚೆ ನೀರಿನ ವಿಷಯದಲ್ಲಿ 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಅಧಿಸೂಚಿತ ಪ್ರದೇಶದಲ್ಲಿ ಬೋರ್‌ವೆಲ್ ಕೊರೆಯಲು 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅನುಮತಿ ಬೇಕು. ಆದರೆ ಒಂದೊಂದು ಕಚೇರಿ ಒಂದೊಂದು ತುಂಡನ್ನು ಮಾತ್ರ ನೋಡುತ್ತೆ. ಎಲ್ಲವನ್ನೂ ಒಟ್ಟಿಗೆ ನೋಡುವುದಕ್ಕೇ ಇಐಎ ಹುಟ್ಟಿದ್ದು. ಅದು ಕಡ್ಡಾಯ ಇಲ್ಲದಿದ್ದರೂ, ವಿಷಯ ಗೊತ್ತಿರುವವರು ಲೆಕ್ಕ ಹಾಕುವುದಕ್ಕೆ ಯಾರ ಅನುಮತಿಯೂ ಬೇಡ. ಮೇಲಿನ 120 ಎಕರೆಯನ್ನೇ ಮುಂದುವರಿಸೋಣ. ಸಂಖ್ಯೆಗಳು ನಾವು ಹಿಡಿದ ಊಹೆಗಳು, ವಿಧಾನ ಮಾತ್ರ ನಿಜದ್ದು. ನಿಜವಾದ ಯೋಜನೆ ಬಂದಾಗ ಅಲ್ಲಿಯ ಅಳತೆ ಹಾಕಿಕೊಂಡರೆ ಆಯಿತು.

ಒಂದು: ನೀರು

120 ಎಕರೆಯಲ್ಲಿ ನೀರು ಹಾಯಿಸಬೇಕಾದ ಹುಲ್ಲು 30 ಹೆಕ್ಟೇರ್ ಅಂತ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ನೀರು ದಿನಕ್ಕೆ 5.5 ಮಿ.ಮೀ., ಗರಿಕೆ ಜಾತಿಯ ಹುಲ್ಲಿಗೆ ಬೆಳೆ ಗುಣಾಂಕ 0.7 ಅಂತ ಹಿಡಿದರೆ ಹುಲ್ಲಿಗೆ ಬೇಕಾದದ್ದು ಸುಮಾರು 4 ಮಿ.ಮೀ. ಸ್ಪ್ರಿಂಕ್ಲರಿನಲ್ಲಿ ಐದರಲ್ಲೊಂದು ಪಾಲು ಪೋಲಾಗುತ್ತೆ ಅಂದ್ರೆ ಹಾಯಿಸಬೇಕಾದದ್ದು 5 ಮಿ.ಮೀ. 30 ಹೆಕ್ಟೇರಿಗೆ 5 ಮಿ.ಮೀ. ಅಂದ್ರೆ ದಿನಕ್ಕೆ 1,500 ಘನ ಮೀಟರ್, 15 ಲಕ್ಷ ಲೀಟರ್.

15 ಲಕ್ಷ ಲೀಟರ್ ಅಂದ್ರೆ ಎಷ್ಟು? ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಾವು ವಾಟರ್ ಸಪ್ಲೈ ಪಾಠದಲ್ಲಿ ಓದುವ ಮಾನದಂಡ. ಅದರ ಪ್ರಕಾರ ಇದು 11,000 ಜನರ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಾರ್ಡನ್ನಿಗೆ, ಕಟ್ಟಡ ಕೆಲಸಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿರಬಹುದು. ಹಾಸ್ಟೆಲ್ಲಿನಲ್ಲಿ ಬಕೆಟ್ ಎಣಿಸಿಕೊಂಡು ಸ್ನಾನ ಮಾಡಿದವರಿಗಂತೂ ಮರೆಯೋ ಮಾತಲ್ಲ.

ಈಗ ಅಂತರ್ಜಲ. ವರ್ಷದಲ್ಲಿ ಇಂಥ 150 ಒಣ ದಿನಗಳು ಅಂದ್ರೆ ಬೇಕಾದ ನೀರು 2.25 ಲಕ್ಷ ಘನ ಮೀಟರ್. ಅದೇ 48.6 ಹೆಕ್ಟೇರಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿ.ಮೀ., ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ಅದರ ಸುಮಾರು 10% ಇಂಗುತ್ತೆ ಅಂತ ಹಿಡಿದರೆ ಮರುಪೂರಣ 47,000 ಘನ ಮೀಟರ್. ಅಂದ್ರೆ ಬೋರ್‌ವೆಲ್ಲಿನಿಂದ ನಡೆಸಿದರೆ ಈ ಕೋರ್ಸ್ ತನ್ನ ನೆಲಕ್ಕೆ ಇಂಗಿದ ನೀರಿನ 4.8 ಪಟ್ಟು ಕುಡಿಯುತ್ತೆ. ಉಳಿದದ್ದು ಎಲ್ಲಿಂದ ಬರುತ್ತೆ? ಸುತ್ತಲಿನ ಸುಮಾರು 450 ಎಕರೆಯ ಹೊಲ, ಮನೆ, ತೋಟದ ಕೆಳಗಿನಿಂದ. ಅಂತರ್ಜಲಕ್ಕೆ ಕಾಂಪೌಂಡ್ ಗೋಡೆ ಇಲ್ಲ. ಬೆಂಗಳೂರು ನಗರ ಜಿಲ್ಲೆ ಈಗಾಗಲೇ ಅತಿಬಳಕೆಯ ಪಟ್ಟಿಯಲ್ಲಿದೆ, ಅಂದ್ರೆ ಇಂಗುವುದಕ್ಕಿಂತ ಎತ್ತುವುದೇ ಜಾಸ್ತಿ.

ಎರಡು: ಸಂಸ್ಕರಿಸಿದ ನೀರು, ಮತ್ತು ಅದರ ಉಪ್ಪು

‘ನಾವು ಎಸ್‌ಟಿಪಿ ನೀರು ಬಳಸ್ತೀವಿ’ ಅನ್ನೋದು ಇದಕ್ಕೆ ಸಿದ್ಧ ಉತ್ತರ. ಒಳ್ಳೆಯ ಉತ್ತರವೇ. ವೃಷಭಾವತಿ ಕಣಿವೆಯಲ್ಲಿ ಕೊಳಚೆ ನೀರಿಗೆ ಕೊರತೆ ಇಲ್ಲ, ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುತ್ತೆ, ವಾಸನೆ ನಮಗೆಲ್ಲ ಗೊತ್ತು. ಅದನ್ನು ಶುದ್ಧ ಮಾಡಿ ಹುಲ್ಲಿಗೆ ಹಾಕಿದರೆ ಕಾವೇರಿಯೂ ಉಳಿಯುತ್ತೆ, ಬೋರ್‌ವೆಲ್ಲೂ ಉಳಿಯುತ್ತೆ.

ಆದರೆ ಲೆಕ್ಕ ಅಲ್ಲಿಗೆ ನಿಲ್ಲಿಸಬಾರದು. ಸಂಸ್ಕರಣೆಯಲ್ಲಿ ಬಿಒಡಿ ಇಳಿಯುತ್ತೆ, ಕರಗಿದ ಉಪ್ಪು ಹಾಗೇ ಇರುತ್ತೆ. ಟಿಡಿಎಸ್ ಲೀಟರಿಗೆ 800 ಮಿಲಿಗ್ರಾಂ ಅಂತ ಹಿಡಿಯಿರಿ. 2.25 ಲಕ್ಷ ಘನ ಮೀಟರಿನಲ್ಲಿ ವರ್ಷಕ್ಕೆ 180 ಟನ್ ಉಪ್ಪು. ಹೆಕ್ಟೇರಿಗೆ 6 ಟನ್. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ಮುಂಗಾರು ಅದನ್ನು ತೊಳೆದು ಕೆಳಗೆ ಇಳಿಸುತ್ತೆ, ಕೆಳಗೆ ಇರೋದು ಅದೇ ಅಂತರ್ಜಲ. ಆದ್ದರಿಂದ ವರದಿಯಲ್ಲಿ ‘ಸಂಸ್ಕರಿಸಿದ ನೀರು ಬಳಸಲಾಗುವುದು’ ಅನ್ನುವ ಒಂದು ಸಾಲು ಸಾಲದು. ಯಾವ ಹಂತದ ಸಂಸ್ಕರಣೆ, ಟಿಡಿಎಸ್ ಎಷ್ಟು, ಸೋಡಿಯಂ ಪ್ರಮಾಣ ಎಷ್ಟು, ಕೈಗಾರಿಕೆಯ ತ್ಯಾಜ್ಯ ಬೆರೆತ ನೀರಾದರೆ ಭಾರಲೋಹ ಎಷ್ಟು, ಪೈಪ್‌ಲೈನ್ ಬರುವವರೆಗೆ ಏನು ಮಾಡ್ತೀರಿ, ಎಲ್ಲಕ್ಕೂ ಉತ್ತರ ಬೇಕು. ಕೊನೇ ಪ್ರಶ್ನೆ ಮುಖ್ಯ. ಪೈಪ್ ತಡವಾದರೂ ಹುಲ್ಲು ಕಾಯಲ್ಲ.

ಮೂರು: ಗೊಬ್ಬರ ಮತ್ತು ಔಷಧಿ

ಹೆಕ್ಟೇರಿಗೆ ವರ್ಷಕ್ಕೆ 150 ಕಿಲೋ ಸಾರಜನಕ ಹಾಕುತ್ತಾರೆ ಅಂತ ಇಟ್ಟುಕೊಂಡರೆ 30 ಹೆಕ್ಟೇರಿಗೆ 4.5 ಟನ್. ಅದರಲ್ಲಿ 10% ಮಾತ್ರ ನೀರಿನ ಜೊತೆ ಇಳಿದರೂ 450 ಕಿಲೋ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ಭಾರತೀಯ ಮಾನಕ, ಸಾರಜನಕದ ಲೆಕ್ಕದಲ್ಲಿ ಅದು ಸುಮಾರು 10 ಮಿಲಿಗ್ರಾಂ. ಹಾಗಾದರೆ ಈ 450 ಕಿಲೋ ಒಂದೇ, ಸುಮಾರು 45,000 ಘನ ಮೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತೆ. ಮೇಲೆ ನೋಡಿದ ಮರುಪೂರಣ 47,000 ನೆನಪಿದೆಯಲ್ವಾ? ಹೆಚ್ಚೂಕಮ್ಮಿ ಅಷ್ಟೇ. ಅಂದ್ರೆ ಆ ನೆಲಕ್ಕೆ ವರ್ಷವಿಡೀ ಇಂಗಿದ ಮಳೆನೀರೆಲ್ಲ ಅಂಚಿಗೆ ಬಂದಂತೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಹುಲ್ಲು ಬೆಳೆಯುವ ಕಾಲದಲ್ಲಿ ಕೊಟ್ಟರೆ ಇಳಿದು ಹೋಗುವುದು ಬಹಳ ಕಡಿಮೆ ಆಗುತ್ತೆ. ಪಕ್ಕದ ತರಕಾರಿ ತೋಟದಲ್ಲಿ ಇದಕ್ಕಿಂತ ಹೆಚ್ಚು ಗೊಬ್ಬರ ಹಾಕುತ್ತಿರಬಹುದು. ಆದ್ದರಿಂದ ಬೇಕಾದದ್ದು ಆರೋಪ ಅಲ್ಲ, ಹೋಲಿಕೆ ಮತ್ತು ಅಳತೆ. ಜಪಾನಿನಲ್ಲಿ ಗಾಲ್ಫ್ ಕೋರ್ಸುಗಳು ಬೆಟ್ಟಬೆಟ್ಟಕ್ಕೂ ಹಬ್ಬಿದಾಗ ಜನ ಕುಡಿಯುವ ನೀರಿನ ಬಗ್ಗೆ ತಕರಾರು ಎತ್ತಿದರು. 1990ರಲ್ಲಿ ಅಲ್ಲಿಯ ಸರ್ಕಾರ ಗಾಲ್ಫ್ ಕೋರ್ಸಿನಿಂದ ಹೊರಬರುವ ನೀರಿನಲ್ಲಿ ಕೀಟನಾಶಕ ಎಷ್ಟಿರಬಹುದು ಅನ್ನುವುದಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಹೊರಬೀಳುವ ಪೈಪಿನ ಬಾಯಲ್ಲಿ ಮಾದರಿ ತೆಗೆದು ನೋಡಿದರೆ ವಾದಕ್ಕೆ ಜಾಗ ಉಳಿಯಲ್ಲ.

ನಾಲ್ಕು: ಮಳೆ ಬಂದ ದಿನ

ಹೈಡ್ರಾಲಜಿಯ ರ‍್ಯಾಷನಲ್ ಸೂತ್ರ ನೆನಪಿಸಿಕೊಳ್ಳಿ: ಹರಿವು ಅಂದ್ರೆ ಗುಣಾಂಕ, ಮಳೆಯ ತೀವ್ರತೆ, ಹೆಕ್ಟೇರ್ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದ್ದು. ನಮ್ಮ ಹೊಲಗಳಲ್ಲಿ ಬದು ಇರುತ್ತೆ. ಒಂದೊಂದು ಬದುವೂ ಒಂದೊಂದು ಪುಟ್ಟ ಅಣೆಕಟ್ಟು. ಬದು ಇರುವ ಹೊಲಕ್ಕೆ ಗುಣಾಂಕ 0.2 ಅಂತ, ಗಂಟೆಗೆ 60 ಮಿ.ಮೀ. ಮಳೆಗೆ 48.6 ಹೆಕ್ಟೇರಿನಿಂದ ಬರುವುದು ಸೆಕೆಂಡಿಗೆ 1.6 ಘನ ಮೀಟರ್. ಹುಲ್ಲುಹಾಸು ನೀರನ್ನು ಚೆನ್ನಾಗಿ ಇಂಗಿಸುತ್ತೆ, ನಿಜ. ಆದರೆ ಬದು ಒಡೆದು, ಯಂತ್ರದಿಂದ ನೆಲ ತುಳಿದು, ಕೆಳಗೆ ಡ್ರೈನ್ ಹಾಕಿ, ಪಾರ್ಕಿಂಗ್ ಮತ್ತು ಗಾಡಿ ದಾರಿ ಸೇರಿಸಿದಾಗ ಒಟ್ಟು ಗುಣಾಂಕ 0.35 ಆಯಿತು ಅಂದ್ರೆ, ಹರಿವು 2.8 ಘನ ಮೀಟರ್. ವ್ಯತ್ಯಾಸ 1.2. ಐದು ಸೆಕೆಂಡಿಗೊಂದರಂತೆ 6,000 ಲೀಟರಿನ ಟ್ಯಾಂಕರ್ ಕೆಳಗಿನ ಕಾಲುವೆಗೆ ಸುರಿದಂತೆ.

ಅದು ಎಲ್ಲಿ ಹೋಗುತ್ತೆ? ವೃಷಭಾವತಿಗೆ. ಬೈರಮಂಗಲ ಕೆರೆಗೆ. ಆಮೇಲೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಜೋರು ಮಳೆಗೆ ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನದ ಸುತ್ತ ನೀರು ನುಗ್ಗುವುದನ್ನು ದೀಪಾಂಜಲಿ ನಗರದವರು ನೋಡಿದ್ದಾರೆ. ಮೇಲಿನವರು ಎಷ್ಟು ನೀರು, ಎಷ್ಟು ಬೇಗ ಬಿಡುತ್ತಾರೆ ಅನ್ನುವುದರ ಮೇಲೆ ಕೆಳಗಿನವರ ಮನೆ ಹೊಸ್ತಿಲು ನಿಂತಿದೆ. ಅದೃಷ್ಟಕ್ಕೆ ಇದು ಪರಿಹಾರ ಇರುವ ಸಮಸ್ಯೆ. ಕೋರ್ಸಿನ ಒಳಗಿನ ಕೊಳಗಳನ್ನು ಬರೀ ಅಂದಕ್ಕೆ ಮಾಡದೆ, ಹೆಚ್ಚುವರಿ ನೀರು ಹಿಡಿಯುವ ಅಳತೆಗೆ ಡಿಸೈನ್ ಮಾಡಬೇಕು. ಕಾಲುವೆಯನ್ನು ತಿರುಗಿಸದೆ ಹಳೇ ಜಾಡಿನಲ್ಲೇ ಬಿಡಬೇಕು.

ಐದು: ಜೀವ ಮತ್ತು ಜನ

ಕಂದಾಯ ಕಡತದಲ್ಲಿ ‘ಬೀಳು’ ಅಂತ ಬರೆದ ಜಾಗದಲ್ಲಿ ಏನೂ ಇಲ್ಲ ಅಂತ ತಿಳಿಯಬಾರದು. ಕುರುಚಲು ಗಿಡ, ಜಾಲಿ, ಕಲ್ಲುಬಂಡೆ ಇರುವ ಕಡೆ ಗೌಜಲಹಕ್ಕಿ, ಮೊಲ, ಮುಂಗುಸಿ, ಹಾವು, ಹತ್ತಾರು ಜಾತಿಯ ಚಿಟ್ಟೆ ಇರುತ್ತವೆ. ಕುರಿ ಮೇಯಿಸುವವರು ಇರುತ್ತಾರೆ. ಬೇಸ್‌ಲೈನ್ ಸರ್ವೆ ಒಂದೇ ಋತುವಿನಲ್ಲಿ ಮಾಡಿದರೆ ಅರ್ಧ ಲೆಕ್ಕ ಬಿಟ್ಟುಹೋಗುತ್ತೆ. ಬೇಸಿಗೆಯಲ್ಲಿ ಎಣಿಸಿದರೆ ಮಳೆಗಾಲದ ಕಪ್ಪೆ ಸಿಗಲ್ಲ, ಚಳಿಗಾಲದ ವಲಸೆ ಹಕ್ಕಿಯೂ ಸಿಗಲ್ಲ. ಜನರನ್ನು ಕೇಳದೆ ಬರೆದ ವರದಿಯಲ್ಲಿ ದನ ನೀರಿಗೆ ಹೋಗುವ ದಾರಿ ಇರಲ್ಲ.

ಗಾಲ್ಫ್ ಕೋರ್ಸಿನ ಪರವಾಗಿಯೂ ಮಾತಿದೆ. ಮರ, ಕೊಳ, ರಫ್ ಇರುವ ಕೋರ್ಸುಗಳಿಗೆ ಹಕ್ಕಿಗಳು ಬರುತ್ತವೆ. ಅದೇ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದರೆ ಇರುವ ಹಸಿರೂ ಹೋಗುತ್ತಿತ್ತು. ಮಾಲಿಗಳಿಗೆ, ಕ್ಯಾಡಿಗಳಿಗೆ ಕೆಲಸ ಸಿಗುತ್ತೆ. ಇವೆಲ್ಲ ನಿಜ. ಹಾಗಾದರೆ ಗಾಲ್ಫ್ ಕೋರ್ಸ್ ಒಳ್ಳೆಯದೋ ಕೆಟ್ಟದ್ದೋ?

ಯಾವುದಕ್ಕೆ ಹೋಲಿಸಿ?

ಇಡೀ ಪಾಠದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪರಿಣಾಮ ಅಂದ್ರೆ ವ್ಯತ್ಯಾಸ. ಯಾವುದಕ್ಕೆ ಹೋಲಿಸುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಕಾಂಕ್ರೀಟಿಗೆ ಹೋಲಿಸಿದರೆ ಗಾಲ್ಫ್ ಕೋರ್ಸ್ ಹಸಿರು. ಕೆರೆಗೆ ಹೋಲಿಸಿದರೆ ಅದು ಮುಚ್ಚಿದ ತೊಟ್ಟಿ. ರಾಗಿ ಹೊಲಕ್ಕೆ ಹೋಲಿಸಿದರೆ ಅದು ಬೇಸಿಗೆಯಲ್ಲೂ ನೀರು ಕುಡಿಯುವ ಬೆಳೆ. ಹಳೇ ಕಲ್ಲು ಕ್ವಾರಿಗೆ, ಕಸ ಸುರಿದ ಜಾಗಕ್ಕೆ ಹೋಲಿಸಿದರೆ ಅದು ಸುಧಾರಣೆಯೂ ಆಗಬಹುದು. ಆದ್ದರಿಂದಲೇ ಒಳ್ಳೆಯ ಇಐಎ ವರದಿಯಲ್ಲಿ ‘ಪರ್ಯಾಯಗಳು’ ಅನ್ನುವ ಅಧ್ಯಾಯ ಬಹಳ ಮುಖ್ಯ. ಬೇರೆ ಜಾಗ ನೋಡಿದ್ದೀರಾ? 18ರ ಬದಲು 9 ಹೋಲ್ ಸಾಕಾಗುತ್ತಾ? ನೀರು ಹಾಯಿಸುವ ಹುಲ್ಲನ್ನು 30ರಿಂದ 15 ಹೆಕ್ಟೇರಿಗೆ ಇಳಿಸಿ, ಉಳಿದ ಕಡೆ ಬೇಸಿಗೆಯಲ್ಲಿ ಒಣಗಲು ಬಿಟ್ಟರೆ ಏನಾಗುತ್ತೆ? ಏನೂ ಕಟ್ಟದೆ ಬಿಟ್ಟರೆ ಏನಾಗುತ್ತೆ?

ನಮ್ಮ ಲೆಕ್ಕದಲ್ಲೇ ನೋಡಿ. ಹಸಿರು ಹುಲ್ಲನ್ನು ಅರ್ಧ ಮಾಡಿದರೆ ನೀರು, ಉಪ್ಪು, ಗೊಬ್ಬರ ಮೂರೂ ಅರ್ಧ. ಯಾವ ದುಬಾರಿ ತಂತ್ರಜ್ಞಾನಕ್ಕಿಂತಲೂ ದೊಡ್ಡ ಉಳಿತಾಯ ಅದು. ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಿನ ಕಡಲ ತೀರದಲ್ಲಿ ಬೇಸಿಗೆಯಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗೋದು ಸಹಜ, ಆಟ ಅದರಿಂದ ನಿಂತಿಲ್ಲ.

ಅನುಮತಿ ಕೊಟ್ಟ ಮೇಲೆ

ಅದೇ ಸ್ಕಾಟ್ಲೆಂಡಿನ ಇನ್ನೊಂದು ಪ್ರಸಂಗದಿಂದ ಕೊನೇ ಪಾಠ. ಅಬರ್ಡೀನ್ ಬಳಿ ಮೆನಿ ಅನ್ನುವ ಕಡೆ ಡೊನಾಲ್ಡ್ ಟ್ರಂಪ್ ಅವರ ಕಂಪನಿ ಗಾಲ್ಫ್ ಯೋಜನೆ ತಂದಿತು. ಜಾಗದ ಒಂದು ಭಾಗ ಚಲಿಸುವ ಮರಳ ದಿಬ್ಬಗಳು, ವೈಜ್ಞಾನಿಕ ಮಹತ್ವದ ತಾಣ ಅಂತ ರಕ್ಷಿತವಾದದ್ದು. 2007ರಲ್ಲಿ ಸ್ಥಳೀಯ ಕೌನ್ಸಿಲ್ಲಿನ ಸಮಿತಿ ಬೇಡ ಅಂದಿತು. ಸ್ಕಾಟ್ಲೆಂಡ್ ಸರ್ಕಾರ ವಿಷಯವನ್ನು ತನ್ನ ಕೈಗೆ ತೆಗೆದುಕೊಂಡು, ಆರ್ಥಿಕ ಲಾಭ ದೊಡ್ಡದು ಅಂತ 2008ರಲ್ಲಿ ಅನುಮತಿ ಕೊಟ್ಟಿತು. 2012ರಲ್ಲಿ ಕೋರ್ಸ್ ತೆರೆಯಿತು. 2020ರ ಡಿಸೆಂಬರಿನಲ್ಲಿ ಅಲ್ಲಿಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಆ ದಿಬ್ಬಗಳ ರಕ್ಷಿತ ಸ್ಥಾನವನ್ನೇ ತೆಗೆದುಹಾಕಿತು, ಯಾಕಂದ್ರೆ ರಕ್ಷಿಸಲು ಬೇಕಾದ ಗುಣವೇ ಅಲ್ಲಿ ಹೆಚ್ಚಾಗಿ ಉಳಿದಿರಲಿಲ್ಲ. ಮರಳು ಚಲಿಸುತ್ತಿದ್ದುದೇ ಅದರ ವಿಶೇಷ, ಆಟಕ್ಕಾಗಿ ಅದನ್ನು ಹಿಡಿದು ನಿಲ್ಲಿಸಲಾಗಿತ್ತು.

ವರದಿ ಇತ್ತು, ತಜ್ಞರು ಇದ್ದರು, ವಿಚಾರಣೆ ನಡೆದಿತ್ತು. ಆದರೂ ಹೀಗಾಯಿತು. ಅಂದ್ರೆ ಇಐಎ ಮಂತ್ರದಂಡ ಅಲ್ಲ. ಅದು ನಿರ್ಧಾರ ಮಾಡಲ್ಲ, ನಿರ್ಧಾರ ಮಾಡುವವರ ಮುಂದೆ ಬೆಲೆಪಟ್ಟಿ ಇಡುತ್ತೆ. ಏನು ಕಳೆದುಕೊಳ್ಳುತ್ತೇವೆ ಅಂತ ಗೊತ್ತಿದ್ದೂ ಕಳೆದುಕೊಳ್ಳುವುದು ಬೇರೆ, ಚಲ್ಲಘಟ್ಟದಂತೆ ಅಳೆಯದೇ ಕಳೆದುಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಕನಿಷ್ಠ ಯಾರನ್ನಾದರೂ ಕೇಳಬಹುದು.

ಆದ್ದರಿಂದ ಅನುಮತಿಯ ಷರತ್ತುಗಳನ್ನು ಅಳೆಯಲು ಬರುವಂತೆ ಬರೆಯಬೇಕು. ‘ನೀರನ್ನು ಮಿತವಾಗಿ ಬಳಸತಕ್ಕದ್ದು’ ಅನ್ನುವುದು ಷರತ್ತಲ್ಲ, ಹಾರೈಕೆ. ‘ಬೋರ್‌ವೆಲ್ ಇಲ್ಲ, ದಿನಕ್ಕೆ 7.5 ಲಕ್ಷ ಲೀಟರಿಗಿಂತ ಹೆಚ್ಚು ಸಂಸ್ಕರಿತ ನೀರು ಇಲ್ಲ. ಮೀಟರ್ ಓದು ಪ್ರತಿ ತಿಂಗಳು ಪಂಚಾಯಿತಿ ಬೋರ್ಡಿನಲ್ಲಿ. ಸುತ್ತಲಿನ ಹತ್ತು ಬಾವಿಗಳಲ್ಲಿ ಮುಂಗಾರಿನ ಮೊದಲು ಮತ್ತು ನಂತರ ನೈಟ್ರೇಟ್ ಪರೀಕ್ಷೆ’ ಅನ್ನುವುದು ಷರತ್ತು. ಇದನ್ನು ಹತ್ತನೇ ಕ್ಲಾಸ್ ಓದಿದ ಹಳ್ಳಿಯ ಹುಡುಗಿಯೂ ಓದಿ ‘ತಪ್ಪಿದ್ದಾರೆ’ ಅಂತ ಹೇಳಬಲ್ಲಳು.

ಇಲ್ಲಿ ನಾವು ಬಳಸಿದ್ದು ಗುಣಾಕಾರ, ಭಾಗಾಕಾರ, ಒಂದು ರ‍್ಯಾಷನಲ್ ಸೂತ್ರ ಅಷ್ಟೇ. ಎರಡನೇ ವರ್ಷದ ಯಾವ ವಿದ್ಯಾರ್ಥಿಯಾದರೂ ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ. ನಿಮ್ಮ ಊರಿನ ಸುತ್ತ ಗಾಲ್ಫ್ ಕೋರ್ಸೇ ಬರಬೇಕೆಂದಿಲ್ಲ. ರೆಸಾರ್ಟ್, ಲೇಔಟ್, ‘ಹಸಿರು ಟೌನ್‌ಶಿಪ್’ ಯಾವುದಾದರೂ ಬರಬಹುದು. ಬ್ರೋಷರಿನ ಹಸಿರು ಚಿತ್ರ ನೋಡಿದ ಕೂಡಲೇ ಈ ಐದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಮೊದಲು ಅಲ್ಲಿ ಏನಿತ್ತು, ದಿನಕ್ಕೆ ಎಷ್ಟು ನೀರು ಮತ್ತು ಎಲ್ಲಿಂದ, ಏನು ಇಳಿದು ಎಲ್ಲಿಗೆ ಹೋಗುತ್ತೆ, ಮಳೆ ದಿನ ಕೆಳಗಿನವರಿಗೆ ಏನಾಗುತ್ತೆ, ಯಾರು ಅಳೆದು ಯಾರಿಗೆ ತೋರಿಸುತ್ತಾರೆ. ಮುಂದೆ ಇಂಥ ವರದಿಗಳಿಗೆ ಸಹಿ ಹಾಕುವವರು ನಮ್ಮಲ್ಲೇ ಕೆಲವರು ಇರುತ್ತಾರೆ. ಸಹಿಯ ಮೇಲಿನ ಪುಟದಲ್ಲಿ ಈ ಐದಕ್ಕೂ ಸಂಖ್ಯೆಯಲ್ಲಿ ಉತ್ತರ ಇಲ್ಲದಿದ್ದರೆ, ಪೆನ್ನು ಕೆಳಗಿಟ್ಟು ಕೇಳುವ ಹಕ್ಕು ಸಹಿ ಹಾಕುವವರಿಗೆ ಇದ್ದೇ ಇದೆ.